ನಮ್ಮ ಫರ್ನೇಸ್ ಮೇಡಮ್ಮ

ಮೇಡಂ ಅವರ ಎಡ ಹುಬ್ಬು ಅರ್ಧಕ್ಕೇ ನಿಂತುಹೋಗಿತ್ತು. ಮೂಗಿನ ಕಡೆಯಿಂದ ದಟ್ಟವಾಗಿ ಹೊರಟದ್ದು ಕಣ್ಣಿನ ನಡುವಿಗೆ ಬರುವಷ್ಟರಲ್ಲಿ ಮುಗಿದೇಬಿಡುತ್ತಿತ್ತು. ಅಲ್ಲಿಂದಾಚೆ ಸ್ವಲ್ಪ ಹೊಳೆಯುವ ಬರೀ ಚರ್ಮ. ಬೆಳಿಗ್ಗೆ ಕಾಕ್ಸ್ ಟೌನಿನ ಮನೆಯಿಂದ ಹೊರಡುವ ಮುನ್ನ ಉಳಿದರ್ಧವನ್ನು ಪೆನ್ಸಿಲಿನಲ್ಲಿ ತಿದ್ದಿಕೊಂಡು ಬರುತ್ತಿದ್ದರು. ಕೆ.ಆರ್. ಪುರದ ನಮ್ಮ ಕಾರ್ಖಾನೆಯ ಶೆಡ್ಡಿನೊಳಗೆ ಒಂದಿಷ್ಟು ಹೊತ್ತು ಓಡಾಡಿದರೆ ಸಾಕು, ಬೆವರಿಗೆ ಅದು ಕರಗಿಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಬಂದ ಗಿರಾಕಿಗಳು ಮಾತಾಡುತ್ತಲೇ ಆ ಹುಬ್ಬನ್ನು ಕದ್ದು ನೋಡುತ್ತಿದ್ದರು. ಮೇಡಂ ತಾವೇ ಹೇಳಿಬಿಡುತ್ತಿದ್ದರು: "ಫರ್ನೇಸ್ ಬಾಯಿಗೆ ಇಣುಕಿದ್ದು ಸರ್. ಹೊಸದಾಗಿ ಬಂದಾಗ. ಒಂದು ಮುತ್ತು ಕೊಟ್ಬಿಡ್ತು."

ಆ ಕಾರ್ಖಾನೆ ಅವರ ಗಂಡ ಕಟ್ಟಿದ್ದು. ಗಂಡ ಇರುವವರೆಗೆ ಇವರು ಅದರ ಗೇಟು ದಾಟಿದವರಲ್ಲ. ಫ್ರೇಜರ್ ಟೌನಿನ ಒಂದು ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಗಂಡ ಹೃದಯಾಘಾತದಿಂದ ತೀರಿಕೊಂಡಾಗ ಎಲ್ಲರೂ ಮಾರಿಬಿಡಿ ಅಂದರಂತೆ. ಮಾರುವ ಮುಂಚೆ ಒಂದು ಸಲ ನೋಡೋಣ ಎಂದು ಬಂದವರು ಹುಬ್ಬು ಸುಟ್ಟುಕೊಂಡರು, ಆಮೇಲೆ ಮಾರಲಿಲ್ಲ. ಕೆಲಸದವರ ಬಾಯಲ್ಲಿ ಅವರು 'ಮೇಡಮ್ಮ'. ಮೇಡಂ ಎನ್ನುವುದಕ್ಕೆ ಅಮ್ಮ ಸೇರಿ ಆದ ಹೆಸರು. ಮನೆಯಲ್ಲಿ ತಮಿಳು, ಚರ್ಚಿನಲ್ಲಿ ಇಂಗ್ಲಿಷು, ಶಿವಾಜಿನಗರದಿಂದ ಗುಜರಿ ಒಯ್ಯಲು ಬರುವವರ ಹತ್ತಿರ ದಖನಿ ಉರ್ದು, ನಮ್ಮ ಹತ್ತಿರ ಮೂರೂ ಬೆರೆತ ದಂಡಿನ, ಅಂದರೆ ಕಂಟೋನ್ಮೆಂಟಿನ, ಕನ್ನಡ.

ನಾನು ರಾಣೆಬೆನ್ನೂರಿನ ಕಡೆಯವಳು. ಲೋಹಶಾಸ್ತ್ರದ ಡಿಪ್ಲೊಮಾ ಮಾಡಿ, ರಾಮಮೂರ್ತಿ ನಗರದಲ್ಲಿ ಚಿಕ್ಕಪ್ಪನ ಬಾಡಿಗೆ ಮನೆಯ ಹಾಲಿನಲ್ಲಿ ಮಲಗಿ ಕೆಲಸ ಹುಡುಕುತ್ತಿದ್ದೆ. ಹೊರವರ್ತುಲ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಹೋದಲ್ಲೆಲ್ಲ "ಹೆಣ್ಣುಮಕ್ಕಳನ್ನ ಫರ್ನೇಸ್ ಹತ್ರ ಹಾಕಲ್ಲಮ್ಮ" ಎನ್ನುವ ಉತ್ತರ. ಕೊನೆಗೆ ಇವರ ಮುಂದೆ ಹೋಗಿ ಕುಳಿತೆ. ನನ್ನ ಅಂಕಪಟ್ಟಿಯನ್ನು ಅವರು ಬಿಡಿಸಲೇ ಇಲ್ಲ.

"ಬಿಸಿ ತಡೀತೀಯಾ ಮಾ?"

"ತಡೀತೇನ್ರಿ."

"ನಾನೂ ಹಂಗೇ ಅಂದ್ಕೊಂಡು ಬಂದೆ." ನಕ್ಕರು. "ನಾಳೆ ಬಾ. ಕಾಟನ್ ಚೂಡಿದಾರ್ ಹಾಕ್ಕೋ. ನೈಲಾನ್ ಬೇಡ, ಮೈಗೆ ಅಂಟ್ಕೊಳ್ಳತ್ತೆ."

ಆ ಫರ್ನೇಸ್ ಒಂದು ಸುರಂಗ. ಒಂದೂವರೆ ಲಾರಿಯಷ್ಟು ಉದ್ದ. ಅದರೊಳಗೆ ಉಕ್ಕಿನ ತಂತಿಯಲ್ಲಿ ಹೆಣೆದ ಅಗಲವಾದ ಬೆಲ್ಟು ಸದಾ ಹರಿಯುತ್ತಿರುತ್ತದೆ, ಇರುವೆ ಸಾಲಿನ ಹಾಗೆ ನಿಧಾನಕ್ಕೆ. ಈ ತುದಿಯಲ್ಲಿ ಬೋಲ್ಟು, ವಾಷರುಗಳನ್ನು ಅದರ ಮೇಲೆ ಹರಡುತ್ತೇವೆ. ಅವು ಒಳಗೆ ಹೋಗಿ ಕಾದು, ಮಾಗಿದ ಹಲಸಿನ ತೊಳೆಯ ಬಣ್ಣಕ್ಕೆ ತಿರುಗಿ, ಆ ತುದಿಯಲ್ಲಿ ಎಣ್ಣೆಯ ತೊಟ್ಟಿಗೆ ಬೀಳುತ್ತವೆ. ಎಣ್ಣೆಗೆ ಬಿದ್ದ ಕ್ಷಣ ಉಕ್ಕು ಗಟ್ಟಿಯಾಗುತ್ತದೆ. ಆದರೆ ಗಾಜಿನಂತೆ, ಬಿದ್ದರೆ ಒಡೆಯುವಂಥ ಗಟ್ಟಿ. ಹಾಗಾಗಿ ತೊಳೆದು ಎರಡನೇ ಫರ್ನೇಸಿನಲ್ಲಿ ಕಡಿಮೆ ಬಿಸಿಯಲ್ಲಿ ಮತ್ತೆ ಕಾಯಿಸಬೇಕು. ಅದಕ್ಕೆ ನಮ್ಮವರು 'ಹದ ಕೊಡೋದು' ಅನ್ನುತ್ತಿದ್ದರು. ಇಷ್ಟೂ ಹಗಲೂ ರಾತ್ರಿ ನಿಲ್ಲದೆ ನಡೆಯಬೇಕು. ನಿಲ್ಲಿಸಿದರೆ ಒಳಗಿನ ಇಟ್ಟಿಗೆ ಬಿರುಕು ಬಿಡದಂತೆ ಮೆಲ್ಲಗೆ ಆರಿಸಿ, ಮೆಲ್ಲಗೆ ಕಾಯಿಸಿ, ಮತ್ತೆ ಮಾಲು ಹಾಕುವ ಹೊತ್ತಿಗೆ ಒಂದು ವಾರವೇ ಹೋಗುತ್ತದೆ. ಅದಕ್ಕೇ ಫರ್ನೇಸ್ ಇಟ್ಟವರು ಯಾರೂ ಅದನ್ನು ನಿಲ್ಲಿಸುವ ಮಾತನ್ನು ಸುಲಭಕ್ಕೆ ಆಡುವುದಿಲ್ಲ.

ಎಲ್‌ಕೆಜಿ ಟೀಚರಿನ ಬುದ್ಧಿ ಅವರನ್ನು ಬಿಟ್ಟಿರಲಿಲ್ಲ. ಶಿಫ್ಟಿನ ಶುರುವಿಗೆ ಎಲ್ಲರೂ ಸಾಲಾಗಿ ನಿಂತು ಕೈಗವಸು ತೋರಿಸಬೇಕು. "ಕೈ ತೋರ್ಸ್ರಪ್ಪ." ಮೀಸೆ ನರೆತವರೂ ಕೈ ಮುಂದೆ ಮಾಡುತ್ತಿದ್ದರು. ತೂತು ಬಿದ್ದ ಗವಸು ಕಂಡರೆ ಅಲ್ಲೇ ಕಿತ್ತು ಎಸೆದು ಹೊಸದು ಕೊಡುತ್ತಿದ್ದರು. ಶನಿವಾರ ತಮ್ಮ ಬೀದಿಯ ಬೇಕರಿಯಿಂದ ತೆಂಗಿನಕಾಯಿ ಬನ್ನು ತರುತ್ತಿದ್ದರು. ಅದನ್ನು ಹಂಚುವಾಗಲೂ ಸಾಲು ತಪ್ಪುವಂತಿಲ್ಲ. ಕೋಪ ಬಂದರೆ ಗಟ್ಟಿಯಾಗಿ ಮಾತಾಡುವುದರ ಬದಲು ದನಿ ತಗ್ಗಿಸುತ್ತಿದ್ದರು. ಅವರ ದನಿ ತಗ್ಗಿದರೆ ಮ್ಯಾನೇಜರು ಕೂಡ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು.

ಎಣ್ಣೆ ತೊಟ್ಟಿಯ ಕಡೆಯ ಆಪರೇಟರ್ ಮುನಿರಾಜಣ್ಣ. ಅಲ್ಲೇ ಹತ್ತಿರದ ಹಳ್ಳಿಯವನು. ಹಳ್ಳಿ ಅಂದರೆ ಈಗ ಅಪಾರ್ಟ್‌ಮೆಂಟುಗಳ ಮಧ್ಯದ ನಾಲ್ಕು ಬೀದಿ. ಅವರ ತಾತನ ಕಾಲಕ್ಕೆ ದ್ರಾಕ್ಷಿ ತೋಟ ಇತ್ತಂತೆ. ಪಾಲುಗಳಾಗಿ ಇವನಿಗೆ ಉಳಿದದ್ದು ಎರಡು ಕೋಣೆಯ ಮನೆ, ಒಂದು ಹಸು. ನನ್ನನ್ನು ತಂಗ್ಯಮ್ಮ ಎಂದು ಕರೆದು, ಯಾವ ಸದ್ದು ಯಾತರದ್ದು, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಹೇಳಿಕೊಟ್ಟವನು ಅವನೇ. ಅವನ ಹೆಂಡತಿ ನಾಗವೇಣಕ್ಕ ಹಸು ಕರು ಹಾಕಿದಾಗಲೆಲ್ಲ ಗಿಣ್ಣು ಕಳಿಸುತ್ತಿದ್ದಳು, ಮೇಡಂಗೆ ಬೇರೆ ಡಬ್ಬಿ, ನನಗೆ ಬೇರೆ ಡಬ್ಬಿ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ತೊಟ್ಟಿಯ ಎಣ್ಣೆ ಬಿಸಿಯಾಗುತ್ತಲೇ ಇರುತ್ತದಲ್ಲ, ಅದನ್ನು ತಣಿಸಲು ಒಂದು ಕೂಲರ್. ಅದರ ಕೊಳವೆಗಳ ಒಳಗೆ ಎಣ್ಣೆ, ಹೊರಗೆ ನೀರು. ಕೊಳವೆ ತುಕ್ಕು ಹಿಡಿದು ತೂತಾದರೆ ನೀರು ಎಣ್ಣೆಗೆ ಸೇರುತ್ತದೆ. ಕಾದ ಎಣ್ಣೆಯೊಳಗೆ ನೀರು ಸೇರಿದರೆ ಏನಾಗುತ್ತದೆ ಎಂದು ಅಡುಗೆ ಮಾಡುವ ಯಾರಿಗೂ ಹೇಳಬೇಕಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಒಂದು ಸೌಟಿನಲ್ಲಿ ತೊಟ್ಟಿಯ ಎಣ್ಣೆ ತೆಗೆದು ಸ್ಟೌ ಮೇಲೆ ಕಾಯಿಸಿ ಕಿವಿಗೊಡುವುದು ನನ್ನ ಕೆಲಸ. ಸದ್ದಿಲ್ಲದೆ ಹೊಗೆಯಾಡಿದರೆ ಒಳ್ಳೆಯದು. ಸಾಸಿವೆ ಸಿಡಿದಂತೆ ಚಟಪಟ ಅಂದರೆ ನೀರಿದೆ ಎಂದು ಅರ್ಥ.

ಒಂದು ಗುರುವಾರ ಅದು ಚಟಪಟ ಅಂದಿತು. ತುಂಬಾ ಅಲ್ಲ. ನಾಲ್ಕೈದು ಸಾಸಿವೆಯಷ್ಟು. ಮತ್ತೊಂದು ಸೌಟು ತೆಗೆದೆ, ಅದೂ ಅಂದಿತು. ಆಫೀಸಿಗೆ ಹೋಗಿ ಮೇಡಂಗೆ ಹೇಳಿದೆ. ಅವರು ಬಂದು, ನಾನು ಮೂರನೇ ಸಲ ಕಾಯಿಸಿದ್ದನ್ನು ನಿಂತು ಕೇಳಿದರು. ನಮ್ಮ ದೊಡ್ಡ ಗಿರಾಕಿಗೆ ಶನಿವಾರ ಮಾಲು ಹೋಗಬೇಕಿತ್ತು. ಹಿಂದಿನ ತಿಂಗಳು ಎರಡು ಸಲ ತಡವಾಗಿ, ಇನ್ನೊಮ್ಮೆ ಆದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಅವರು ಹೇಳಿಯಾಗಿತ್ತು.

ಮೇಡಂ ಬಹಳ ಹೊತ್ತು ಆ ಸೌಟನ್ನೇ ನೋಡುತ್ತಿದ್ದರು. "ಶನಿವಾರದ ತನಕ ಎಳೆಯೋಣ ಮಾ. ಮಾಲು ಹೋಗ್ಲಿ. ಭಾನುವಾರ ನಿಲ್ಸಿ ಕೂಲರ್ ಬಿಚ್ಚೋಣ."

ಆಗಲಿ ಎಂದೆ.

ಮರುದಿನ ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ಒಳಗೆ ಬರುತ್ತಿದ್ದ ಹೊತ್ತು. ಮುನಿರಾಜಣ್ಣ ತೊಟ್ಟಿಯ ಬಾಯಲ್ಲಿ ಸಿಕ್ಕಿಕೊಂಡಿದ್ದ ಬೋಲ್ಟುಗಳನ್ನು ಉದ್ದನೆಯ ಕೊಕ್ಕೆಯಲ್ಲಿ ಎಳೆಯುತ್ತಿದ್ದ. ನಾನು ಆಚೆ ತುದಿಯಲ್ಲಿದ್ದೆ. ಮೊದಲು ಕೇಳಿದ್ದು ಸದ್ದು: ಹಾಲು ಉಕ್ಕುವಾಗಿನದೇ ಸದ್ದು, ಆದರೆ ನೂರು ಪಟ್ಟು. ತೊಟ್ಟಿಯ ಎಣ್ಣೆ ನೊರೆನೊರೆಯಾಗಿ ಎದ್ದು ಅಂಚು ದಾಟಿತು. ಫರ್ನೇಸಿನ ಬಾಯಿಯ ಬೆಂಕಿ ತಗುಲಿ ಅಷ್ಟೂ ಹೊತ್ತಿಕೊಂಡಿತು. ಅವನು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ. ಹಾಗೆ ಹಿಡಿದದ್ದರಿಂದ ಕಣ್ಣು ಉಳಿಯಿತು. ಕೈ ಬೆಂದುಹೋಯಿತು.

ಬೆಂಕಿ ಬೇಗ ಆರಿತು. ಬೆಂಕಿ ಆರಿಸುವ ಸಿಲಿಂಡರು, ಮರಳು ಎಲ್ಲ ಇದ್ದವು, ನಮ್ಮ ಹುಡುಗರು ಹೆದರದೆ ನಿಂತರು. ಮೇಡಂ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ, ತಾವೇ ಓಡಿಸಿಕೊಂಡು ಆಸ್ಪತ್ರೆಗೆ ಹೋದರು. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ "ದಾರಿ ಬಿಡ್ರೀ" ಎಂದು ಅರಚಿದ್ದೇ ಅರಚಿದ್ದು ಎಂದು ಜೊತೆಗೆ ಹೋದ ಹುಡುಗ ಹೇಳಿದ. ಅವರು ಅರಚುವುದನ್ನು ಅದಕ್ಕೆ ಮುಂಚೆ ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಎರಡು ದಿನ ಕಳೆದು ಮ್ಯಾನೇಜರು ನನ್ನನ್ನು ಕೂರಿಸಿ ಮಾತಾಡಿದರು. ಕೆಟ್ಟ ಮನುಷ್ಯರಲ್ಲ. ನನಗಿಂತ ಹೆಚ್ಚು ಹೆದರಿದ್ದರು. "ನೋಡಮ್ಮ, ನಾಳೆ ಫ್ಯಾಕ್ಟರಿ ಇಲಾಖೆ ಇನ್ಸ್‌ಪೆಕ್ಟರ್ ಬರ್ತಾರೆ. ನೀನು ಬೆಳಿಗ್ಗೆ ಟೆಸ್ಟ್ ಮಾಡ್ದೆ, ಎಣ್ಣೆ ಸರಿ ಇತ್ತು. ನೆಲ ತೊಳೆಯೋವಾಗ ಮುನಿರಾಜು ಪೈಪಿನ ನೀರು ತೊಟ್ಟಿಗೆ ಬೀಳ್ಸಿಬಿಟ್ಟ. ಇಷ್ಟೇ ಹೇಳು. ಮೇಡಂಗೆ ಗೊತ್ತಿತ್ತು ಅಂತ ಬಂದ್ರೆ ಇನ್ಶೂರೆನ್ಸೂ ಬರಲ್ಲ, ಯೂನಿಟ್ಟೂ ಉಳಿಯಲ್ಲ. ಇಷ್ಟು ಜನದ ಹೊಟ್ಟೆ ಪಾಡು. ಅವನ ಆಸ್ಪತ್ರೆ ಖರ್ಚು ಹೆಂಗೂ ನೋಡ್ಕೋತೀವಿ."

"ಮೇಡಂ ಹಿಂಗ ಹೇಳು ಅಂದಾರೇನ್ರಿ?"

"ಅವ್ರು ಆಸ್ಪತ್ರೆ ಬಿಟ್ಟು ಬಂದಿಲ್ಲ. ಅವ್ರಿಗೋಸ್ಕರಾನೇ ಹೇಳ್ತಿರೋದು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪನಿಗೆ ಆಗಷ್ಟೇ ಡಯಾಲಿಸಿಸ್ ಶುರುವಾಗಿತ್ತು. ನನ್ನ ಸಂಬಳ ಊರಿಗೆ ಹೋಗದಿದ್ದರೆ ನಡೆಯುವಂತಿರಲಿಲ್ಲ. ಒಂದು ಸಲ ನಿಜ ಹೇಳಬೇಕು ಅನ್ನಿಸುತ್ತಿತ್ತು. ಇನ್ನೊಂದು ಸಲ, ಪೈಪು ಅಂದುಬಿಟ್ಟರೆ ಏನಾಗುತ್ತದೆ, ಮುನಿರಾಜಣ್ಣನಿಗೆ ದುಡ್ಡಂತೂ ಕೊಡುತ್ತಾರಲ್ಲ ಎಂದು. ಬೆಳಗಾಗುವವರೆಗೂ ಯಾವುದೂ ಇತ್ಯರ್ಥವಾಗಲಿಲ್ಲ.

ಇನ್ಸ್‌ಪೆಕ್ಟರು ಬಂದು ಆಫೀಸಿನಲ್ಲಿ ಕುಳಿತರು. ಮೇಡಂ ಆಸ್ಪತ್ರೆಯಿಂದ ನೇರ ಬಂದಿದ್ದರು, ಮೂರು ದಿನದ ಹಿಂದಿನ ಅದೇ ಸೀರೆಯಲ್ಲಿ. ನನ್ನನ್ನು ಒಳಗೆ ಕರೆದರು.

"ಎಣ್ಣೆ ಪರೀಕ್ಷೆ ಮಾಡೋದು ಯಾರು? ನೀವೇನಾ?"

"ಹೌದ್ರಿ, ನಾನ."

ಮುಂದಿನ ಪ್ರಶ್ನೆಗೆ ಅವರು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಮಾತಾಡಿದರು. ದನಿ ತಗ್ಗಿತ್ತು. "ಸರ್, ಆ ಹುಡುಗೀನ ಕೇಳ್ಬೇಡಿ. ಅವಳು ಗುರುವಾರಾನೇ ನಂಗೆ ಹೇಳಿದ್ಲು, ಎಣ್ಣೇಲಿ ನೀರಿದೆ ಅಂತ. ನಾನೂ ನಿಂತು ಕೇಳಿಸ್ಕೊಂಡೆ. ಶನಿವಾರದ ತನಕ ಓಡಿಸೋಣ ಅಂದಿದ್ದು ನಾನು. ಮುನಿರಾಜು ಪೈಪು ಮುಟ್ಲಿಲ್ಲ, ಏನೂ ಮುಟ್ಲಿಲ್ಲ. ಅವನಿಗೆ ನೀರಿದೆ ಅನ್ನೋದೂ ಗೊತ್ತಿರ್ಲಿಲ್ಲ."

ಮ್ಯಾನೇಜರು ಗೋಡೆಗೆ ಒರಗಿಕೊಂಡರು. ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ಮೇಡಂ, ಯೋಚನೆ ಮಾಡಿ ಹೇಳ್ತಿದ್ದೀರಾ?"

"ಯೋಚನೆ ಗುರುವಾರ ಮಾಡ್ಬೇಕಿತ್ತು ಸರ್."

ಅಂದು ನನ್ನ ಸರದಿ ಬಂದಿದ್ದರೆ ನಾನು ಏನು ಹೇಳುತ್ತಿದ್ದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಪ್ರಶ್ನೆ ನನ್ನವರೆಗೆ ಬರದಂತೆ ಒಬ್ಬರು ಅಡ್ಡ ನಿಂತರು. ಅವರಿಗೆ ನನ್ನ ಒದ್ದಾಟ ಗೊತ್ತಿತ್ತೋ ಇಲ್ಲವೋ, ನಾನು ಎಂದೂ ಕೇಳಲಿಲ್ಲ.

ಮ್ಯಾನೇಜರು ಹೇಳಿದ್ದೆಲ್ಲ ನಡೆಯಿತು. ಇನ್ಶೂರೆನ್ಸ್ ಬರಲಿಲ್ಲ. ಕೋರ್ಟಿನಲ್ಲಿ ಕೇಸಾಗಿ ದಂಡ ಬಿತ್ತು. ದೊಡ್ಡ ಗಿರಾಕಿ ಹೋದ. ತಿಂಗಳುಗಟ್ಟಲೆ ಫರ್ನೇಸ್ ತಣ್ಣಗೆ ನಿಂತಿತು. ಹೋಗಿ ಮುಟ್ಟಿದರೆ ಕೈಗೆ ಹೆಣದಂತೆ ತಣ್ಣಗೆ ಹತ್ತುತ್ತಿತ್ತು. ಅಷ್ಟೂ ಕಾಲ ಒಬ್ಬರ ಸಂಬಳವೂ ನಿಲ್ಲಲಿಲ್ಲ. ಕಾಕ್ಸ್ ಟೌನಿನ ಅವರ ಹಳೆಯ ಮನೆ, ಮುಂದೆ ಜಗಲಿ ಹಿಂದೆ ಬೆಣ್ಣೆಹಣ್ಣಿನ ಮರ ಇದ್ದದ್ದು, ಬಿಲ್ಡರಿಗೆ ಹೋಯಿತು. ಅದೇ ಬೀದಿಯ ಒಂದು ಸಣ್ಣ ಫ್ಲಾಟಿಗೆ ಬಂದರು.

ಅವರನ್ನು ಹಣ್ಣು ಮಾಡಿದ್ದು ಇದ್ಯಾವುದೂ ಅಲ್ಲ, ನಾಗವೇಣಕ್ಕ.

ವಾರ್ಡಿನ ಬಾಗಿಲಲ್ಲಿ ನಾನೂ ಇದ್ದೆ. ಅವಳು ಕೂಗಾಡಲಿಲ್ಲ. "ನಿಮ್ಮ ಕಾಸು ಬ್ಯಾಡ ಅನ್ನಲ್ಲ ಮೇಡಮ್ಮ, ಬೇಕು. ಮಕ್ಕಳವ್ರೆ. ಆದ್ರೆ ನೀವು ಮಾತ್ರ ಬರ್ಬ್ಯಾಡಿ. ನಿಮ್ಮ ಮುಖ ನೋಡಿದ್ರೆ ನಂಗೆ ಹೊಟ್ಟೇಲಿ ಉರಿ ಬೀಳ್ತದೆ."

ಮೇಡಂ ತಲೆಯಾಡಿಸಿ ಕೆಳಗೆ ಇಳಿದರು. ಆದರೆ ಮನೆಗೆ ಹೋಗಲಿಲ್ಲ. ಆಸ್ಪತ್ರೆಯ ಗೇಟಿನೊಳಗೆ ಒಂದು ಹೊಂಗೆ ಮರ, ಅದರ ಕೆಳಗೆ ಕಲ್ಲು ಬೆಂಚು. ಅಂದಿನಿಂದ ದಿನಾ ಸಂಜೆ ಅಲ್ಲಿ ಬಂದು ಕೂರುತ್ತಿದ್ದರು. ಗಂಜಿಯೋ ಸೂಪೋ ತಂದದ್ದನ್ನು ನನ್ನ ಕೈಲಿ ಮೇಲೆ ಕಳಿಸುತ್ತಿದ್ದರು. ಡಾಕ್ಟರು ಏನಂದರು, ಜ್ವರ ಇದೆಯಾ, ಕಸಿ ಮಾಡಿದ ಚರ್ಮ ಹಿಡಿದಿದೆಯಾ ಎಂದು ನಾನು ಇಳಿದು ಬಂದ ಮೇಲೆ ಕೇಳಿ ಎದ್ದು ಹೋಗುತ್ತಿದ್ದರು.

"ಮೇಡಂ, ಇಲ್ಲಿ ಕುಂತು ಏನು ಉಪಯೋಗ್ರಿ? ಮನ್ಯಾಗ ಇರ್ರಿ, ನಾ ಫೋನ್ ಮಾಡ್ತೇನಿ" ಎಂದೆ ಒಮ್ಮೆ.

"ಮೇಲೆ ಬರ್ಬೇಡ ಅಂದಿದ್ದಾಳೆ. ಕೆಳಗೆ ಕೂರ್ಬೇಡ ಅಂದಿಲ್ವಲ್ಲ ಮಾ."

ನಾಗವೇಣಕ್ಕ ಮೇಲಿನ ಕಿಟಕಿಯಿಂದ ನೋಡುತ್ತಿದ್ದಳು, ನನಗೆ ಗೊತ್ತು. ಆದರೆ ಒಂದು ದಿನವೂ ಕರೆಯಲಿಲ್ಲ.

ಮುನಿರಾಜಣ್ಣ ಬದುಕಿದ. ಬೆರಳುಗಳು ಒಳಕ್ಕೆ ಬಾಗಿ, ಒಂದಕ್ಕೊಂದು ಅಂಟಿದ ಹಾಗೆ ನಿಂತುಬಿಟ್ಟವು. ಎಷ್ಟು ಸಲ ಕೊಯ್ದು ಬಿಡಿಸಿದರೂ ಪೂರ್ತಿ ಬಿಚ್ಚಲಿಲ್ಲ, ಪೂರ್ತಿ ಮುಚ್ಚಲೂ ಇಲ್ಲ. ಬಹಳ ದಿನಗಳ ಮೇಲೆ ಕೆಲಸಕ್ಕೆ ಬಂದ. ಲಾರಿಗೆ ಮಾಲು ಏರಿಸುವ ಕಡೆ ಉಸ್ತುವಾರಿ. ಫರ್ನೇಸಿನ ಸುತ್ತ ನೆಲದ ಮೇಲೆ ಬಳಿದ ಹಳದಿ ಗೆರೆ ದಾಟಿ ಮತ್ತೆಂದೂ ಒಳಗೆ ಬರಲಿಲ್ಲ. ಬಂದ ಮೊದಲ ದಿನ ಮೇಡಂ ಗೇಟಿನಲ್ಲೇ ನಿಂತಿದ್ದರು. ಅವನೇ ಅಂದ: "ಬುಡಿ ಮೇಡಮ್ಮ. ಆಗಿದ್ದು ಆಗೋಯ್ತು."

"ಆಗಿದ್ದಲ್ಲ ರಾಜು. ನಾನು ಮಾಡಿದ್ದು."

ಅವನು "ಟೀ ಕುಡಿಯೋಣ ಬನ್ನಿ" ಅಂದ. ಲೋಟವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಕುಡಿದ. ಮೇಡಂ ಅವನ ಎದುರೇ ಕೂತು, ಬೇರೆ ಕಡೆ ನೋಡದೆ ಕುಡಿದರು. ಅದಾಗಿ ಎಷ್ಟೋ ಕಾಲ ಶಿಫ್ಟಿನ ಸಾಲಿನಲ್ಲಿ ಅವರು "ಕೈ ತೋರ್ಸ್ರಪ್ಪ" ಎನ್ನಲಿಲ್ಲ. ಸುಮ್ಮನೆ ಗವಸುಗಳನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು.

ಫರ್ನೇಸ್ ಮತ್ತೆ ಹೊತ್ತಿಸಿದ ದಿನ ನನ್ನನ್ನು ಕರೆದು ಹೇಳಿದರು: "ಇನ್ಮೇಲೆ ಸದ್ದು ಬಂದ್ರೆ ನನ್ನ ಕೇಳ್ಬೇಡ. ನಿಲ್ಸು. ಆಮೇಲೆ ಹೇಳು."

ಒಮ್ಮೆ ನಿಲ್ಲಿಸಿದೆ. ಅವರು ಯಾರದೋ ಮದುವೆಗೆ ಚರ್ಚಿಗೆ ಹೋಗಿದ್ದರು. ಸೌಟು ಚಟಪಟ ಅಂದಿತು, ಮ್ಯಾನೇಜರು ಬೇಡ ಬೇಡ ಅನ್ನುತ್ತಿರುವಾಗಲೇ ಬೆಲ್ಟು ನಿಲ್ಲಿಸಿದೆ. ಒಳಗಿದ್ದ ಮಾಲೆಲ್ಲ ಹೆಚ್ಚು ಕಾದು ಕೆಟ್ಟಿತು. ಆಮೇಲೆ ನೋಡಿದರೆ ಎಣ್ಣೆಯಲ್ಲಿ ಒಂದು ಹನಿ ನೀರಿಲ್ಲ. ಯಾರೋ ಸೌಟು ತೊಳೆದು ಒರೆಸದೆ ಇಟ್ಟಿದ್ದರು, ನಾನು ಗಮನಿಸಿರಲಿಲ್ಲ. ಮೇಡಂ ರೇಷ್ಮೆ ಸೀರೆಯಲ್ಲೇ ಓಡಿಬಂದರು. ನಾನು ಅಳುವುದೊಂದು ಬಾಕಿ. ಎಲ್ಲ ಕೇಳಿಸಿಕೊಂಡು, ಸೌಟು ತಗೊಂಡು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ಒರೆಸ್ಕೊಂಡು ಮಾಡು. ಆದ್ರೆ ನಾಳೆ ಸದ್ದು ಬಂತು ಅಂದ್ರೆ, ಸೌಟು ಒದ್ದೆ ಇರ್ಬೋದು ಅಂತ ಯೋಚಿಸ್ತಾ ನಿಲ್ಬೇಡ. ಮತ್ತೆ ನಿಲ್ಸು."

ಈಗ ನಾನು ವೈಟ್‌ಫೀಲ್ಡ್ ಕಡೆಯ ದೊಡ್ಡದೊಂದು ಕಾರ್ಖಾನೆಯಲ್ಲಿ ಇಂಥವೇ ನಾಲ್ಕು ಫರ್ನೇಸುಗಳ ಜವಾಬ್ದಾರಿ ಹೊತ್ತಿದ್ದೇನೆ. ನನ್ನ ಕೈಕೆಳಗಿನ ಹುಡುಗ ಹುಡುಗಿಯರಿಗೆ ಮೊದಲ ದಿನ ಹೇಳುವ ಮಾತು ಅದೇ. ಯಾರದು ಎಂದು ಹೇಳುವುದಿಲ್ಲ. ಅವರು ನನ್ನದೇ ಅಂದುಕೊಂಡಿದ್ದಾರೆ.

ಮೇಡಂ ಕೊನೆಗೆ ಕಾರ್ಖಾನೆಯನ್ನು ಮುಂದೆಯೂ ನಡೆಸಿಕೊಂಡು ಹೋಗುವವರಿಗೇ ಮಾರಿದರು, ಕೆಲಸದವರಲ್ಲಿ ಒಬ್ಬರನ್ನೂ ತೆಗೆಯಬಾರದು ಎಂದು ಮಾತು ತೆಗೆದುಕೊಂಡು. ಆಮೇಲೆ ಹೆಚ್ಚು ದಿನ ಇರಲಿಲ್ಲ. ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಗುವ ಹೊತ್ತಿಗೆ ಅದು ಯಕೃತ್ತಿಗೆ ಹರಡಿತ್ತು. ಕಡೆಯ ಸಲ ನೋಡಲು ಹೋದಾಗ ದನಿ ಪೂರಾ ಇಳಿದುಹೋಗಿತ್ತು. ಹಾಸಿಗೆಯ ಅಂಚಿಗೆ ಬಾಗಿ ಕೇಳಿಸಿಕೊಳ್ಳಬೇಕಿತ್ತು. ನಮ್ಮ ಅಪ್ಪನ ವಿಷಯ, ನನ್ನ ಮಗಳ ವಿಷಯ ಕೇಳಿದರು. ಆಮೇಲೆ, "ನಾಗವೇಣಿ ಹೆಂಗಿದ್ದಾಳೆ?" ಎಂದರು.

"ಅದಾರ್ರಿ. ಮಗ ಪಾಲಿಟೆಕ್ನಿಕ್ ಸೇರ್ಯಾನ."

"ಹ್ಞೂಂ" ಎಂದು ಕಣ್ಣು ಮುಚ್ಚಿದರು. ಅವಳು ಬಂದು ನೋಡಲಿ ಎನ್ನುವ ಆಸೆ ಇತ್ತೋ ಏನೋ. ಕೇಳುವ ಹಕ್ಕು ತಮಗಿಲ್ಲ ಎಂದುಕೊಂಡಿದ್ದರು ಅಂತ ನನ್ನ ಊಹೆ. ಆ ವಾರದಲ್ಲೇ ಹೋದರು.

ಚರ್ಚಿನಲ್ಲಿ ಕಾರ್ಖಾನೆಯವರೆಲ್ಲ ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದೆವು. ಅಲ್ಲಿಂದ ಸ್ಮಶಾನಕ್ಕೆ ಬಂದಾಗ ಗೇಟಿನ ಹೊರಗೆ ನಾಗವೇಣಕ್ಕ ನಿಂತಿದ್ದಳು. ಮುನಿರಾಜಣ್ಣ ಬರುತ್ತಾನೆಂದು ಗೊತ್ತಿತ್ತು. ಅವಳು ಬರುತ್ತಾಳೆ ಎಂದು ಯಾರೂ ಎಣಿಸಿರಲಿಲ್ಲ. ನಾನು ಹತ್ತಿರ ಹೋಗಿ, "ಅಕ್ಕಾ, ಒಳಗ ಬರ್ರಿ" ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. "ನಾನೇನು ಮನ್ನಿಸಿಬುಟ್ಟೆ ಅಂತ ತಿಳ್ಕಬ್ಯಾಡ. ದಿನಾ ಅವ್ನಿಗೆ ಅನ್ನ ಕಲಸಿ ಕೊಡೋಳು ನಾನು, ಅಂಗಿ ಗುಂಡಿ ಹಾಕೋಳು ನಾನು. ಮನ್ಸಿಂದ ಹೋಗಲ್ಲ ಅದು." ಸ್ವಲ್ಪ ತಡೆದಳು. "ಆದ್ರೆ ನನ್ ಗಂಡನ ಮೇಲೆ ಒಂದು ಸುಳ್ಳು ಹೇಳ್ಲಿಲ್ಲ ಆಯಮ್ಮ. ಹೇಳಿದ್ರೆ ಎಲ್ಲಾ ಉಳ್ಕೋತಿತ್ತು, ಹೇಳ್ಲಿಲ್ಲ. ಅದಕ್ಕೆ ಬಂದೆ."

ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಬಂದಳು. ಪೆಟ್ಟಿಗೆ ಇಳಿಸಿದ ಮೇಲೆ ಒಬ್ಬೊಬ್ಬರೇ ಮುಂದೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುತ್ತಿದ್ದರು. ಮುನಿರಾಜಣ್ಣನ ಸರದಿ ಬಂತು. ಅವನು ಬಗ್ಗಿ ಮಣ್ಣಿಗೆ ಕೈ ಹಾಕಿದ. ಬೆರಳು ಮಡಚಲಿಲ್ಲ, ಮಣ್ಣು ಜಾರಿತು. ಮತ್ತೆ ಬಗ್ಗಿದ, ಮತ್ತೆ ಜಾರಿತು. ಹಿಂದೆ ನಿಂತವರು ಕಾಯುತ್ತಿದ್ದರು. ಆಗ ನಾಗವೇಣಕ್ಕ ಮುಂದೆ ಬಂದು, ತಾನು ಒಂದು ಬೊಗಸೆ ಮಣ್ಣು ಎತ್ತಿ ಅವನ ಎರಡೂ ಕೈಗಳ ಮೇಲೆ ಇಟ್ಟು, ಅವನ ಕೈಗಳ ಕೆಳಗೆ ತನ್ನ ಕೈಗಳನ್ನು ಕೊಟ್ಟಳು. ಇಬ್ಬರೂ ಸೇರಿ ಆ ಮಣ್ಣನ್ನು ಹಾಕಿದರು.